ಈ ನಡುಕ ಯಾರದು?

ಓಡುವ ಹೋರಿಯನ್ನು ಗೋಡೆಯ ಮೇಲೆ ಓಡಿಸಬೇಕಾದರೆ ಮೊದಲು ಅದನ್ನು ನಿಲ್ಲಿಸಬೇಕು. ಸೆಕೆಂಡಿಗೆ 16 ಸಲ ನಿಲ್ಲಿಸಬೇಕು. ಹಳೆಯ 8 ಮಿಲಿಮೀಟರ್ ಮೂಕಿ ಫಿಲ್ಮಿನ ಪ್ರೊಜೆಕ್ಟರಿನೊಳಗೆ ಒಂದು ಪುಟ್ಟ ಕೊಕ್ಕೆಯಿದೆ. ಅದು ಫಿಲ್ಮಿನ ಅಂಚಿನ ತೂತಿಗೆ ಇಳಿಯುತ್ತದೆ, ಒಂದು ಚಿತ್ರದಷ್ಟು ಕೆಳಗೆ ಎಳೆಯುತ್ತದೆ, ತೂತಿನಿಂದ ಹೊರಬಂದು ಮೇಲಕ್ಕೆ ಹೋಗುತ್ತದೆ. ಅದು ಹೋಗಿ ಮತ್ತೆ ಬರುವತನಕ ಚಿತ್ರ ದೀಪದ ಮುಂದೆ ಮಿಸುಕದೆ ನಿಂತಿರಬೇಕು. ಎಳೆಯುವ ಹೊತ್ತಿನಲ್ಲಿ ಶಟರಿನ ರೆಕ್ಕೆ ಬೆಳಕಿಗೆ ಅಡ್ಡ ಬರುತ್ತದೆ. ಹಾಗಾಗಿ ಫಿಲ್ಮು ಸರಿಯುವುದನ್ನು ನಾವು ಎಂದೂ ಕಾಣುವುದಿಲ್ಲ. ಕಾಣುವುದೆಲ್ಲ ನಿಂತ ಚಿತ್ರಗಳು. ಚಲಿಸುವ ಕೆಲಸವೆಲ್ಲ ಕತ್ತಲಲ್ಲೇ ಮುಗಿದುಹೋಗುತ್ತದೆ. ನಿಂತ ಚಿತ್ರವನ್ನೂ ರೆಕ್ಕೆ ಸುಮ್ಮನೆ ಬಿಡುವುದಿಲ್ಲ. ಮೂರು ರೆಕ್ಕೆಯ ಶಟರು ಒಂದೊಂದು ಚಿತ್ರವನ್ನೂ ಮೂರು ಸಲ ಮಿಂಚಿಸುತ್ತದೆ, ಸೆಕೆಂಡಿಗೆ 48 ಮಿಂಚು. ಇಲ್ಲದಿದ್ದರೆ ಬೆಳಕು ಕಣ್ಣಿಗೆ ಚುಚ್ಚುವಂತೆ ಮಿನುಗುತ್ತಿತ್ತು. ಈ ಲೆಕ್ಕದಲ್ಲಿ ನಾಲ್ಕು ನಿಮಿಷದ ರೀಲು ನೋಡಿ ಎದ್ದವರು ಹೆಚ್ಚುಕಡಿಮೆ ಎರಡು ನಿಮಿಷ ಬರೀ ಕತ್ತಲನ್ನು ನೋಡಿರುತ್ತಾರೆ. ಯಾರಿಗೂ ಅದು ಗೊತ್ತಾಗಿರುವುದಿಲ್ಲ.

ಗೊತ್ತಾಗುವುದು ನಿಲ್ಲುವುದು ತಪ್ಪಿದಾಗ.

ಕಾಖಂಡಕಿ ಅಂದರೆ ದಾಸಸಾಹಿತ್ಯ ಬಲ್ಲವರಿಗೆ ಮಹಿಪತಿದಾಸರ ಊರು. ಆದಿಲಶಾಹಿ ದರಬಾರಿನ ಚಾಕರಿ ಬಿಟ್ಟು ಸಾಧನೆಯ ದಾರಿ ಹಿಡಿದವರು ಅವರು. ಬಬಲೇಶ್ವರ, ತಿಕೋಟಾ, ವಿಜಯಪುರದ ಸುತ್ತಲಿನ ಒಕ್ಕಲುಮಂದಿಗೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಕಾರಹುಣ್ಣಿಮೆಯ ಕರಿ. ಕೋಡಿಗೆ ಬಣ್ಣ ಬಳಿದು, ಕೋಡಣಸು ಹಾಕಿ, ಕೊರಳಿಗೆ ಗೆಜ್ಜೆ ಕಟ್ಟಿ ಬಿಟ್ಟ ಹೋರಿಗಳು ಮಂದಿಯ ನಡುವೆ ನುಗ್ಗುತ್ತವೆ. ಮಾಳಿಗೆಗಳ ಮೇಲೆ, ಕಟ್ಟೆಗಳ ಮೇಲೆ ನಿಲ್ಲಲು ಜಾಗ ಇರುವುದಿಲ್ಲ. ಮುಂಬಯಿಯಲ್ಲಿ ನೌಕರಿಗಿದ್ದ ನಮ್ಮ ಕಾಕಾ ಅರವತ್ತರ ದಶಕದಲ್ಲಿ ಒಂದು ವರ್ಷ ಆ ಕರಿಯನ್ನು 8 ಮಿಲಿಮೀಟರ್ ಕ್ಯಾಮೆರಾದಲ್ಲಿ ಹಿಡಿದಿದ್ದರು. ರೀಲು 50 ಅಡಿಯದು. ಅಡಿಗೆ 80 ಚಿತ್ರ, ಒಟ್ಟು 4000. ಮುಂದೆ ಅದು ನಾಗೊಂದಿಗೆಯ ಮೇಲಿನ ಟ್ರಂಕಿನಲ್ಲಿ ಎಷ್ಟೋ ಬೇಸಿಗೆಗಳನ್ನು ಕಳೆಯಿತು.

ಆ ರೀಲನ್ನು ಪ್ರೊಜೆಕ್ಟರಿಗೆ ಹಾಕಿದಾಗ ಸುಣ್ಣದ ಗೋಡೆಯ ಮೇಲೆ ಊರು ಮೂಡಿತು, ಕುಣಿಯತೊಡಗಿತು. ಹೋರಿ, ಮಂದಿ, ಗುಡಿ, ಬೇವಿನ ಗಿಡ ಎಲ್ಲವೂ ಒಟ್ಟಿಗೆ ಮೇಲೆ ಕೆಳಗೆ ಹಾರುತ್ತಿದ್ದವು. ನೋಡುತ್ತ ಕೂತಿದ್ದ ಚಿಗವ್ವ ಕೇಳಿದಳು: “ತಮ್ಮಾ, ಹೋರಿ ಓಡಾಕತ್ತಾವೋ, ಊರ ಓಡಾಕತ್ತೈತೋ, ಒಂದೂ ತಿಳೀವಲ್ದು ನೋಡು.”

ಪ್ರೊಜೆಕ್ಟರ್ ರಿಪೇರಿ ಬಲ್ಲವರು ಮೊದಲು ಕೇಳಿಕೊಳ್ಳುವ ಪ್ರಶ್ನೆಯನ್ನೇ ಚಿಗವ್ವ ಕೇಳಿದ್ದಳು. ಗೋಡೆಯ ಮೇಲೆ ಒಂದು ನಡುಕ ಕಾಣುತ್ತದೆ. ಅದು ಯಾರದು? ಮೇಜಿನದೋ, ಯಂತ್ರದ್ದೋ, ವಯಸ್ಸಾದ ಫಿಲ್ಮಿನದೋ, ಅಂದು ಕ್ಯಾಮೆರಾ ಹಿಡಿದವನ ಕೈಯದೋ? ಎಲ್ಲವೂ ಗೋಡೆಯ ಮೇಲೆ ಒಂದೇ ನಡುಕವಾಗಿ ಬಂದು ಬೀಳುತ್ತವೆ. ಬಿಡಿಸಿ ನೋಡಲು ತಾಳ್ಮೆ ಬೇಕು. ಈ ಬಿಡಿಸಿ ನೋಡುವ ಕೆಲಸದಲ್ಲಿ ನನಗೆ ಸಿಕ್ಕ ಬೆರಗು ನೆಟ್ಟಗೆ ಓಡಿದ ಯಾವ ರೀಲಿನಲ್ಲೂ ಸಿಕ್ಕಿಲ್ಲ.

ಮೊದಲು ಗೋಡೆಯ ಮೇಲಿನ ಬೆಳಕಿನ ಚೌಕದ ಅಂಚನ್ನು ನೋಡಬೇಕು. ಆ ಕಪ್ಪಂಚು ಫಿಲ್ಮಿನದಲ್ಲ. ಪ್ರೊಜೆಕ್ಟರಿನ ಗೇಟಿನಲ್ಲಿ ಕೊರೆದ ಲೋಹದ ಕಿಂಡಿಯ ನೆರಳು ಅದು. ಅಂಚೇ ಅಲುಗುತ್ತಿದ್ದರೆ ಮೇಜು ಅಲುಗುತ್ತಿದೆ ಅಥವಾ ಲೆನ್ಸು ಸಡಿಲಾಗಿದೆ, ಫಿಲ್ಮಿನ ತಂಟೆಗೆ ಹೋಗುವ ಕಾರಣವಿಲ್ಲ. ಅಂಚು ನೆಟ್ಟಗೆ ನಿಂತು ಒಳಗಿನ ಚಿತ್ರ ಮಾತ್ರ ಕುಣಿದರೆ ಎರಡನೆಯ ಪರೀಕ್ಷೆ. ಚೌಕಟ್ಟು ಹೊಂದಿಸುವ ತಿರುಪನ್ನು ತುಸು ತಿರುಗಿಸಿ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಕಪ್ಪು ಗೆರೆಯನ್ನು ಬೆಳಕಿನೊಳಕ್ಕೆ ತಂದುಕೊಳ್ಳಬೇಕು. ಗೆರೆ ಸ್ಥಿರವಾಗಿದ್ದು ಊರು ಅಲುಗಿದರೆ ಅದು ಕ್ಯಾಮೆರಾ ಹಿಡಿದವರ ಕೈ. ಗೆರೆಯೂ ಊರೂ ಕೂಡಿಯೇ ಹಾರಿದರೆ ಫಿಲ್ಮು ತಾನು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುತ್ತಿಲ್ಲ. ಆಗ ಚೆನ್ನಾಗಿರುವ ಇನ್ನೊಂದು ರೀಲು ಹಾಕಿ ನೋಡಬೇಕು. ಅದೂ ಹಾರಿದರೆ ದೋಷ ಯಂತ್ರದ್ದು, ಅದು ಸುಮ್ಮನಿದ್ದರೆ ನಮ್ಮ ರೀಲಿನದು. ತೂತಿಗೂ ಚಿತ್ರಕ್ಕೂ ಇರುವ ಅಂತರ ಕ್ಯಾಮೆರಾದ ಒಳಗೇ ತಪ್ಪಿರಬಹುದು ಅನ್ನುವುದು ಕೊನೆಯ ಅನುಮಾನ. ಬಿಳಿಯ ಕೋಡುಗಳಿಂದ ಮೇಲಕ್ಕೋ ಕೆಳಕ್ಕೋ ಬೆಳಕಿನ ಗೀರು ಎಳೆದಂತೆ ಕಂಡರೆ ಅದು ನಡುಕವೇ ಅಲ್ಲ. ಶಟರಿನ ಹೊತ್ತು ತಪ್ಪಿದೆ, ಕತ್ತಲಲ್ಲಿ ಮುಗಿಯಬೇಕಾದ ಸರಿತದ ಒಂದು ಚೂರು ಬೆಳಕಿಗೆ ಸಿಕ್ಕಿಬಿದ್ದಿದೆ.

ನಮ್ಮ ರೀಲಿನಲ್ಲಿ ಅಂಚು ನಿಂತಿತ್ತು. ಗೆರೆ ಕುಣಿಯುತ್ತಿತ್ತು.

ಎಷ್ಟು ಕುಣಿತಕ್ಕೆ ಎಷ್ಟು ಕಾರಣ ಸಾಕು ಅನ್ನುವ ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ಗೇಟಿನ ಕಿಂಡಿಯಲ್ಲಿ ಕಾಣುವ 8 ಮಿಲಿಮೀಟರ್ ಚಿತ್ರದ ಅಗಲ ಸುಮಾರು 4.4 ಮಿಲಿಮೀಟರ್. ಗೋಡೆಯ ಮೇಲೆ ಅದನ್ನು 1.32 ಮೀಟರಿಗೆ ಹಿಗ್ಗಿಸಿದರೆ 300 ಪಟ್ಟು. ತಲೆಗೂದಲಿನ ದಪ್ಪ ಮಿಲಿಮೀಟರಿನ ನೂರರಲ್ಲಿ ಏಳು ಪಾಲು ಅಂತ ಹಿಡಿದರೆ, ಫಿಲ್ಮು ಗೇಟಿನಲ್ಲಿ ಕೂದಲಿನಷ್ಟು ಅತ್ತಿತ್ತ ನಿಂತಾಗ ಹೋರಿ ಗೋಡೆಯ ಮೇಲೆ ಎರಡು ಸೆಂಟಿಮೀಟರ್ ನೆಗೆಯುತ್ತದೆ. ಒಂದು ಸಲವಲ್ಲ, ಸೆಕೆಂಡಿಗೆ 16 ಸಲ ಈ ಕೂದಲೆಳೆಯ ಕರಾರುವಾಕ್ಕು ಬೇಕು. ಬೆರಳಷ್ಟು ಲೋಹದ ತಗಡು, ಒಂದು ಸ್ಪ್ರಿಂಗು, ಒಂದು ಕೊಕ್ಕೆ ಇದನ್ನು ದಶಕಗಳ ಕಾಲ ಮನೆಮನೆಗಳ ಅಡ್ಡಗೋಡೆಯ ಮೇಲೆ ಮಾಡಿಕೊಂಡು ಬಂದವು. ನಮ್ಮ ಸಿನಿಮಾ ಚರಿತ್ರೆಗಳಲ್ಲಿ ನಟರಿಗೆ, ನಿರ್ದೇಶಕರಿಗೆ ಪುಟಗಟ್ಟಲೆ ಜಾಗವಿದೆ. ಈ ಕೊಕ್ಕೆಗೆ ಒಂದು ಸಾಲಾದರೂ ಸಲ್ಲಬೇಕಿತ್ತು.

ಕೊಕ್ಕೆಯ ಹಿರಿಯರು ಹೊಲಿಗೆ ಯಂತ್ರದ ಮನೆತನದವರು. ಬಟ್ಟೆಯನ್ನು ಒತ್ತಿ ಹಿಡಿದು, ಬಿಟ್ಟು, ತುಸು ಮುಂದೆ ದಬ್ಬಿ, ಮತ್ತೆ ಹಿಡಿಯುವ ಆ ಯಂತ್ರದ ಚಲನೆಯಿಂದಲೇ ಫ್ರಾನ್ಸಿನ ಲೂಮಿಯೇರ್ ಸೋದರರಿಗೆ 1895ರ ತಮ್ಮ ಸಿನಿಮಾಟೋಗ್ರಾಫಿನ ಯುಕ್ತಿ ಹೊಳೆಯಿತು. ಮರುವರ್ಷ, 1896ರ ಜುಲೈ 7ರಂದು ಅದು ಮುಂಬಯಿಯ ವಾಟ್ಸನ್ಸ್ ಹೋಟೆಲಿಗೆ ಬಂತು. ನಮ್ಮ ವಿಜಯಪುರವೂ ಆಗ ಮುಂಬಯಿ ಪ್ರಾಂತದ್ದೇ ಜಿಲ್ಲೆ.

ಕೊಕ್ಕೆಗೆ ತೂತು ಬೇಕು. ಈಗ ಫಿಲ್ಮಿನ ತೂತುಗಳು ಕಾರ್ಖಾನೆಯಲ್ಲೇ ಕೊರೆದು ಬರುತ್ತವೆ. ದಾದಾಸಾಹೇಬ ಫಾಲ್ಕೆ 1912ರಲ್ಲಿ ಲಂಡನ್ನಿನಿಂದ ವಿಲಿಯಂಸನ್ ಕ್ಯಾಮೆರಾ ತಂದಾಗ ಜೊತೆಗೆ ತೂತು ಕೊರೆಯುವ ಯಂತ್ರವನ್ನೂ ತಂದರು, ಯಾಕೆಂದರೆ ಅವರಿಗೆ ಸಿಗುತ್ತಿದ್ದ ಫಿಲ್ಮಿಗೆ ತೂತೇ ಇರುತ್ತಿರಲಿಲ್ಲ. ಆ ಯಂತ್ರ ನಡೆಸಲು ಕಲಿತವರು ಹೆಂಡತಿ ಸರಸ್ವತಿಬಾಯಿ. ಬೆಳಕು ಬಿದ್ದರೆ ಫಿಲ್ಮು ಹಾಳು. ಆದ್ದರಿಂದ ಮನೆಗೆಲಸ ಮುಗಿದ ಮೇಲೆ, ರಾತ್ರಿ, ಕತ್ತಲು ಕೋಣೆಯಲ್ಲಿ ಕೂತು ಆಕೆ ತೂತು ಕೊರೆಯುತ್ತಿದ್ದರು. 35 ಮಿಲಿಮೀಟರ್ ಫಿಲ್ಮಿಗೆ ಒಂದೊಂದು ಚಿತ್ರಕ್ಕೂ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ತೂತು. ಒಂದು ತೂತು ಸ್ವಲ್ಪ ಸರಿದರೆ ಪರದೆಯ ಮೇಲೆ ದೇವರೂ ನಡುಗಬೇಕು. 1913ರ ಮೇ 3ರಂದು ಮುಂಬಯಿಯ ಕಾರೋನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಾಗ ಜನ ನೋಡಿದ್ದು ಫಾಲ್ಕೆಯವರ ಕಲ್ಪನೆ. ಅದು ಪರದೆಯ ಮೇಲೆ ನಿಂತಿದ್ದು ಆ ತೂತುಗಳ ನೇರದ ಮೇಲೆ. ಆ ಚಿತ್ರದಲ್ಲಿ ಹೆಣ್ಣಿನ ಪಾತ್ರ ಮಾಡಲು ಹೆಂಗಸರು ಸಿಗಲಿಲ್ಲ ಎಂಬ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಚಿತ್ರವನ್ನು ಸ್ಥಿರವಾಗಿ ಹಿಡಿದವಳು ಒಬ್ಬ ಹೆಂಗಸು ಎಂಬುದನ್ನೂ ಅಷ್ಟೇ ಸಲ ಹೇಳಬೇಕೆಂದು ನನಗೆ ಅನಿಸುತ್ತದೆ.

ನಮ್ಮ ರೀಲಿನ ತೂತುಗಳು ನೇರವಾಗಿಯೇ ಇದ್ದವು, ಆದರೆ ಹತ್ತಿರ ಹತ್ತಿರ ಬಂದಿದ್ದವು. 8 ಮಿಲಿಮೀಟರ್ ಫಿಲ್ಮಿನ ಒಂದು ತೂತಿನಿಂದ ಇನ್ನೊಂದಕ್ಕೆ ಇರಬೇಕಾದ ಅಂತರ 3.81 ಮಿಲಿಮೀಟರ್. ಅಸಿಟೇಟ್ ಫಿಲ್ಮು ವಯಸ್ಸಾದಂತೆ ಕುಗ್ಗುತ್ತದೆ. ಒಳಗಿನ ಪಸೆ ಆರಿದಾಗ ಎರಿ ಹೊಲ ಕುಗ್ಗಿ ಬಿರುಕು ಬಿಡುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಫಿಲ್ಮಿನಲ್ಲೂ ಆಗುವುದು ಅದೇ, ಬಿರುಕು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ನೂರಕ್ಕೆ ಒಂದು ಪಾಲು ಕುಗ್ಗಿದರೂ ಕೊಕ್ಕೆಗೆ ಲೆಕ್ಕ ತಪ್ಪುತ್ತದೆ. ತನ್ನ ಹೊತ್ತಿಗೆ ಅದು ಬಂದಾಗ ತೂತು ಅಲ್ಲಿರುವುದಿಲ್ಲ. ಒಮ್ಮೆ ಅಂಚಿಗೆ ತಾಗಿ ಒಳಗಿಳಿಯುತ್ತದೆ, ಒಮ್ಮೆ ಕೆರೆದುಕೊಂಡು ಜಾರುತ್ತದೆ. ಎಲ್ಲ ಕಡೆ ಒಂದೇ ಸಮನೆ ಕುಗ್ಗಿದ್ದು, ಕೊಕ್ಕೆಯೂ ಪ್ರತಿ ಸಲ ಒಂದೇ ಬಗೆಯಲ್ಲಿ ಇಳಿದಿದ್ದರೆ ಚಿತ್ರ ತುಸು ಸರಿದು ನಿಲ್ಲುತ್ತಿತ್ತು, ಅಷ್ಟೇ. ಒಂದು ಸಲ ಹಾಗೆ, ಒಂದು ಸಲ ಹೀಗೆ ಇಳಿಯುವುದರಿಂದ ನಡುಕ. ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಕೆಳಗಿನ ತಗಡಿನ ಟ್ರಂಕಿನಲ್ಲಿ ಇಷ್ಟು ವರ್ಷ ಉಳಿದದ್ದೇ ಹೆಚ್ಚು. ಡಬ್ಬಿ ತೆಗೆದಾಗ ವಿನೆಗರಿನ ಹುಳಿವಾಸನೆ ಮೂಗಿಗೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಆಮೇಲೆ ಕುಗ್ಗುವುದೂ ಸುರುಳಿ ಸುತ್ತಿಕೊಳ್ಳುವುದೂ ಬೇಗ ಬೇಗ ನಡೆಯುತ್ತವೆ. ನಮ್ಮ ಡಬ್ಬಿಯಲ್ಲಿ ವಾಸನೆ ಸಣ್ಣಗೆ ಇತ್ತು.

ಆದರೂ ನಡುಕವೆಲ್ಲ ಫಿಲ್ಮಿನದೇ ಆಗಿರಲಿಲ್ಲ. ಗೇಟನ್ನು ಬಿಚ್ಚಿ ನೋಡಿದಾಗ ಒಳಗೆ ಕಂದು ಬಣ್ಣದ ಗಟ್ಟಿ ಕಿಟ್ಟ. ಹಿಂದೆ ಓಡಿದ ಎಷ್ಟೋ ರೀಲುಗಳು ಒಂದೊಂದು ಕಣ ಮೈತೊಗಲು ಬಿಟ್ಟುಹೋಗಿದ್ದವು. ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ತಟ್ಟೆ ಆ ಕಿಟ್ಟದ ಮೇಲೆ ಕೂತು ಒಂದು ಬದಿಗೆ ಎದ್ದಿತ್ತು. ಒತ್ತು ಸಾಲದಿದ್ದರೆ ಕೊಕ್ಕೆ ಬಿಟ್ಟ ಮೇಲೂ ಫಿಲ್ಮು ತನ್ನ ಓಟಕ್ಕೆ ಒಂಚೂರು ಮುಂದೆ ಸರಿಯುತ್ತದೆ. ಇಂಥಲ್ಲಿ ಚಾಕುವನ್ನೋ ಸ್ಕ್ರೂಡ್ರೈವರನ್ನೋ ಮುಟ್ಟಿಸಲೇಬಾರದು. ಲೋಹದ ಮೇಲೆ ಬಿದ್ದ ಒಂದು ಗೀರು ಮುಂದೆ ಹಾಯುವ ಪ್ರತಿಯೊಂದು ರೀಲನ್ನೂ ಉದ್ದಕ್ಕೆ ಗೀರುತ್ತದೆ. ಹೆರೆದ ಬಿದಿರು ಕಡ್ಡಿ, ಹತ್ತಿ, ತುಸು ಸ್ಪಿರಿಟು, ಮೆತ್ತನೆಯ ಬ್ರಷ್ಷು ಸಾಕು. ಸ್ಪಿರಿಟು ಪೂರ್ತಿ ಆರುವತನಕ ಫಿಲ್ಮು ಹಾಕುವ ಹಾಗಿಲ್ಲ.

ಗೇಟಿನ ಮೇಲೂ ಕೆಳಗೂ ಫಿಲ್ಮು ಸಡಿಲವಾಗಿ ಬಾಗಿ ನಿಲ್ಲಬೇಕು. ಅದಕ್ಕೆ ಲೂಪು ಅನ್ನುತ್ತಾರೆ. ರೀಲು ಸುತ್ತುವುದು ಒಂದೇ ಸಮನೆ, ಗೇಟಿನಲ್ಲಿ ಫಿಲ್ಮು ಹೋಗುವುದು ನಿಂತು ನಿಂತು. ಈ ಎರಡು ಸ್ವಭಾವದವರ ನಡುವೆ ಜಗಳ ಬಾರದಂತೆ ನೋಡಿಕೊಳ್ಳುವುದು ಆ ಸಡಿಲ. ಲೂಪು ಕಳೆದುಹೋದರೆ ಚಿತ್ರ ಒಮ್ಮೆಲೇ ಕಲಸಿ ಉರುಳತೊಡಗುತ್ತದೆ, ಯಂತ್ರದ ಸದ್ದೂ ಬದಲಾಗುತ್ತದೆ. ಆಗ ಗೋಡೆ ನೋಡುವುದಕ್ಕಿಂತ ಮೊದಲು ಕಿವಿಗೇ ತಿಳಿಯುತ್ತದೆ. ಬದಿಯಿಂದ ಬದಿಗೆ ತೂಗಿದರೆ ಪಕ್ಕದ ಸ್ಪ್ರಿಂಗು ಸೋತಿದೆ. ಅಂಟಿಸಿದ ಜೋಡು ಬಂದಾಗ ಮಾತ್ರ ಎಗರಿದರೆ ಜೋಡು ದಪ್ಪವಾಗಿದೆ. ಇವು ಸುಲಭದ ಕಾಯಿಲೆಗಳು.

ಗೇಟು ತೊಳೆದ ಮೇಲೆ ಊರು ಮುಕ್ಕಾಲು ಪಾಲು ನಿಂತಿತು. ಹೋರಿ ಓಡತೊಡಗಿತು.

ಇಲ್ಲಿಗೆ ಬಂದಾಗಲೆಲ್ಲ ನಾನು ಗೋಡೆ ಬಿಟ್ಟು ಕಣ್ಣಿನ ಕಡೆಗೆ ತಿರುಗುತ್ತೇನೆ. ಹೋರಿ ಓಡುತ್ತಿರುವುದು ಎಲ್ಲಿ? ಫಿಲ್ಮಿನ ಮೇಲಲ್ಲ, ಅಲ್ಲಿ ಇರುವವು 4000 ನಿಂತ ಹೋರಿಗಳು. ಗೋಡೆಯ ಮೇಲೂ ಅಲ್ಲ. ನಿಂತ ಚಿತ್ರಗಳಿಂದ ಚಲನೆ ಹುಟ್ಟಿಸುವ ಇದೇ ಯುಕ್ತಿಯಿಂದ ಫಾಲ್ಕೆ ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಅದು ಮೊಳೆತು ಗಿಡವಾಗುವುದನ್ನು ದಿನದಿನವೂ ಚಿತ್ರ ತೆಗೆದು ಒಮ್ಮೆಲೇ ಬೆಳೆಯುವಂತೆ ತೋರಿಸಿದ್ದೂ 1912ರಲ್ಲೇ. ಅದೇ ವರ್ಷ ಮನೋವಿಜ್ಞಾನಿ ಮ್ಯಾಕ್ಸ್ ವೆರ್ಟ್‌ಹೈಮರ್ ಫ್ರಾಂಕ್‌ಫರ್ಟಿನಲ್ಲಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಎರಡು ಗೆರೆಗಳನ್ನು ಒಂದಾದ ಮೇಲೊಂದು ಮಿಂಚಿಸಿ, ನಡುವೆ ಸುಮಾರು 60 ಮಿಲಿಸೆಕೆಂಡ್ ಬಿಟ್ಟರೆ, ನೋಡುವವರಿಗೆ ಎರಡು ಗೆರೆ ಕಾಣುವುದಿಲ್ಲ. ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ. ಸೆಕೆಂಡಿಗೆ 16 ಚಿತ್ರವೆಂದರೆ ಒಂದೊಂದಕ್ಕೂ 62.5 ಮಿಲಿಸೆಕೆಂಡ್. ಗೋಳಗುಮ್ಮಟದ ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಹಾಕಿದರೆ ಅದು ಹಲವು ಸಲ ಮರಳಿ ಬರುತ್ತದೆ, ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ. ಕಿವಿಗೆ ಎಣಿಸಲು ಬರುತ್ತದೆ. ಕಣ್ಣಿಗೆ ಈ ವೇಗದಲ್ಲಿ ಎಣಿಸಲು ಬರುವುದಿಲ್ಲ. ಎಣಿಸಲಾರದ್ದರಿಂದಲೇ ಅದು ಜೋಡಿಸುತ್ತದೆ, ಇಲ್ಲದ ಓಟವನ್ನು ನಡುವೆ ತುಂಬುತ್ತದೆ. ಕಾಖಂಡಕಿಯ ಹೋರಿ ಓಡಿದ್ದು ನೋಡುತ್ತ ಕೂತವರ ತಲೆಯೊಳಗೆ. ನಮ್ಮ ಮನೆಯಲ್ಲಿ ಅಂದು ಎಷ್ಟು ಮಂದಿ ಇದ್ದರೋ ಅಷ್ಟು ಹೋರಿಗಳು ಓಡಿದವು.

ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿದೆ. ಫಿಲ್ಮು ನಡುಗದೆ ನಿಲ್ಲಬೇಕೆಂದು ಇಷ್ಟೆಲ್ಲ ಪಾಡು ಪಡುವ ನಮ್ಮ ಕಣ್ಣು ಮಾತ್ರ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಒಂದೇ ಚುಕ್ಕಿಯನ್ನು ದಿಟ್ಟಿಸುವಾಗಲೂ ಕಣ್ಣುಗುಡ್ಡೆ ಸಣ್ಣಗೆ ನಡುಗುತ್ತಲೇ ಇರುತ್ತದೆ. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಡಿಚ್‌ಬರ್ನ್, ಅಮೆರಿಕದ ರಿಗ್ಸ್ ಎಂಬ ವಿಜ್ಞಾನಿಗಳು ಇದನ್ನು ತಡೆದು ನೋಡಿದರು. ಕಣ್ಣಿಗೆ ಹಾಕುವ ಲೆನ್ಸಿಗೆ ಪುಟ್ಟ ಕನ್ನಡಿ ಕೂಡಿಸಿ, ಕಣ್ಣು ಸರಿದಂತೆ ಎದುರಿನ ಚಿತ್ರವೂ ಸರಿಯುವಂತೆ ಮಾಡಿದರು. ಅಂದರೆ ಕಣ್ಣಿನ ಪಟಲದ ಮೇಲೆ ಚಿತ್ರ ಕೊನೆಗೂ ಅಲುಗಾಡದೆ ನಿಂತಿತು. ನಿಂತ ಕೆಲವೇ ಸೆಕೆಂಡುಗಳಲ್ಲಿ ಅದು ಮಾಸಿ ಕಾಣದಾಯಿತು. ಪೂರ್ತಿ ನಿಂತದ್ದನ್ನು ಕಣ್ಣು ಕಾಣಲಾರದು. ಯಂತ್ರ ನಿಲ್ಲಿಸಿದಷ್ಟನ್ನು ಕಣ್ಣು ಅಲುಗಿಸಿಕೊಂಡೇ ನೋಡುತ್ತದೆ. ಈ ಸಂಗತಿ ಮೊದಲು ತಿಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಈಗಲೂ ಅದರ ಬೆರಗು ನನಗೆ ಆರಿಲ್ಲ.

ರೀಲಿನ ನಡುವೆ ಬೆಳಕು ಸೋರಿ ಬಿಳಿಚಿದ ಒಂದು ತುಣುಕು ಬರುತ್ತದೆ. ಆ ಕಾಲದ 8 ಮಿಲಿಮೀಟರ್ ಕ್ಯಾಮೆರಾಕ್ಕೆ ಹಾಕುತ್ತಿದ್ದುದು 16 ಮಿಲಿಮೀಟರ್ ಅಗಲದ 25 ಅಡಿ ಫಿಲ್ಮು. ಒಂದು ಅರ್ಧ ತೆಗೆದು ಮುಗಿದ ಮೇಲೆ ನೆರಳಿಗೆ ಹೋಗಿ, ಕ್ಯಾಮೆರಾ ತೆರೆದು, ಸುರುಳಿಯನ್ನು ಮಗುಚಿ ಹಾಕಿ ಇನ್ನೊಂದು ಅರ್ಧ ತೆಗೆಯಬೇಕು. ತೊಳೆದ ಮೇಲೆ ಉದ್ದಕ್ಕೆ ಸೀಳಿ ಜೋಡಿಸಿದರೆ 50 ಅಡಿ. ಕೊಡ್ಯಾಕ್ 1932ರಲ್ಲಿ ತಂದ ವ್ಯವಸ್ಥೆ ಇದು. ಕಾಕಾ ಆ ಗದ್ದಲದಲ್ಲಿ ಎಲ್ಲೋ ನೆರಳು ಹುಡುಕಿ ಸುರುಳಿ ಮಗುಚಿದ್ದಾರೆ. ಆಮೇಲಿನ ಚಿತ್ರದಲ್ಲಿ ಒಂದು ಬಿಳಿ ಹೋರಿ ನೇರ ಕ್ಯಾಮೆರಾದತ್ತ ಬರುತ್ತದೆ, ಊರು ಒಮ್ಮೆಲೇ ಜೋಲಿ ಹೊಡೆಯುತ್ತದೆ. ನಾನು ತಿರುಪು ತಿರುಗಿಸಿ ಕಪ್ಪು ಗೆರೆ ನೋಡಿದೆ. ಗೆರೆ ಅಲುಗಲಿಲ್ಲ. ಇದು ಕೈಯ ನಡುಕ ಅಂದೆ.

“ಅವ್ರ ಕೈಯಲ್ಲೋ ತಮ್ಮಾ,” ಅಂದಳು ಚಿಗವ್ವ. “ಹೋರಿ ಮೈಮ್ಯಾಲೆ ಬಂದ್ರೂ ನಿಮ್ಮ ಕಾಕಾ ಡಬ್ಬಿ ಕಣ್ಣಿಂದ ತಗೀಲಿಲ್ಲ. ನಾನ ಹಿಂದಿಂದ ಅಂಗಿ ಹಿಡದು ಜಗ್ಗಿದ್ನಿ.”

ಮತ್ತೊಮ್ಮೆ ಆ ತುಣುಕನ್ನು ಓಡಿಸಿದೆವು. ಚಿತ್ರದಲ್ಲಿ ಚಿಗವ್ವ ಎಲ್ಲಿಯೂ ಇಲ್ಲ. ಅವಳ ಎಳೆತ ಇದೆ, ಹತ್ತು ಹನ್ನೆರಡು ಚಿತ್ರಗಳಷ್ಟು ಉದ್ದಕ್ಕೆ.

ಜೊತೆಗಿದ್ದ ತಮ್ಮನ ಮಗ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಅದರ ಒಂದು ಗುಂಡಿ ಒತ್ತಿ ನಡುಕವನ್ನೆಲ್ಲ ಇಸ್ತ್ರಿ ಮಾಡಿ ತಂದ. “ದೊಡ್ಡಪ್ಪಾರ, ಈಗ ನೋಡ್ರಿ, ಸುದ್ದ ಆತು.” ಹೌದು, ಎಲ್ಲ ನೇರವಾಗಿತ್ತು. ಮುದಿ ಫಿಲ್ಮಿನ ನಡುಕವೂ ಹೋಗಿತ್ತು, ಯಂತ್ರದ ನಡುಕವೂ ಹೋಗಿತ್ತು. ಹೋರಿ ಬಂದಾಗಿನ ಆ ಜೋಲಿಯೂ ಹೋಗಿತ್ತು. ಹೋರಿ ಯಾರೂ ಇಲ್ಲದ ಜಾಗಕ್ಕೆ ತೇಲಿಕೊಂಡು ಬಂದು ಪಕ್ಕಕ್ಕೆ ಹೊರಳಿತು. ಹುಡುಗನ ಮೇಲೆ ನನಗೆ ಬೇಸರವಿಲ್ಲ, ಅವನ ಉತ್ಸಾಹ ದೊಡ್ಡದು. ಆದರೆ ಆ ಫೋನಿಗೆ ನಡುಕ ನಡುಕಕ್ಕೂ ವ್ಯತ್ಯಾಸ ತಿಳಿಯದು. ಸರಿಪಡಿಸುವುದು ಎಂಬ ಹೆಸರಿನಲ್ಲಿ ಎಲ್ಲವನ್ನೂ ಒಂದೇ ತೆಕ್ಕೆಯಲ್ಲಿ ಅಳಿಸುವುದನ್ನು ನಾನು ಒಪ್ಪಲಾರೆ.

ಇನ್ನು ಈ ರೀಲನ್ನು ಕೊಕ್ಕೆಯ ಯಂತ್ರಕ್ಕೆ ಹಾಕುವುದಿಲ್ಲ. ಕುಗ್ಗಿದ ಫಿಲ್ಮಿನ ತೂತುಗಳನ್ನು ಅದು ಒಂದೊಂದಾಗಿ ಹರಿಯುತ್ತದೆ. ಈಗ ಕೊಕ್ಕೆಯೂ ಹಲ್ಲುಚಕ್ರವೂ ಇಲ್ಲದ ಸ್ಕ್ಯಾನರುಗಳಿವೆ. ಮೆತ್ತನೆಯ ಉರುಳೆಗಳ ಮೇಲೆ ಫಿಲ್ಮು ಹಾಯುತ್ತದೆ, ತೂತು ಎಲ್ಲಿದೆ ಎಂಬುದನ್ನು ಬೆಳಕೇ ಗುರುತಿಸುತ್ತದೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯವಿದೆ. ಮುಂಬಯಿಯಲ್ಲಿ 2014ರಲ್ಲಿ ಶುರುವಾದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮನೆಮಂದಿ ತೆಗೆದ ಇಂಥ ಸಣ್ಣ ಫಿಲ್ಮುಗಳನ್ನೂ ಕಾಪಾಡುತ್ತದೆ. ನಮ್ಮ ಜಿಲ್ಲೆಯ ಎಷ್ಟು ಟ್ರಂಕುಗಳಲ್ಲಿ ಇಂಥ ಡಬ್ಬಿಗಳು ಹುಳಿವಾಸನೆ ಹಿಡಿಯುತ್ತಿವೆಯೋ. ಇದ್ದವರು ಬಿಸಿಲು ತಾಗದ ತಂಪು ಜಾಗಕ್ಕೆ ಇಂದೇ ಎತ್ತಿಡಿ, ಓಡಿಸಿ ನೋಡುವ ಆತುರ ಬೇಡ.

ಸ್ಕ್ಯಾನಿಗೆ ಕೊಡುವಾಗ ಜೊತೆಗಿಡಲು ಒಂದು ಚೀಟಿ ಬರೆದಿದ್ದೇನೆ. ವೇಗ ಸೆಕೆಂಡಿಗೆ 16 ಚಿತ್ರ. ಚಿತ್ರದ ಅಂಚಿಗೆ ಕತ್ತರಿಸಬೇಡಿ, ಪಕ್ಕದ ತೂತುಗಳೂ ನಡುವಿನ ಕಪ್ಪು ಗೆರೆಗಳೂ ಕಾಣುವಂತೆ ಫಿಲ್ಮಿನ ಪೂರ್ತಿ ಅಗಲವನ್ನು ಹಿಡಿಯಿರಿ. ಸ್ಥಿರಗೊಳಿಸುವುದಿದ್ದರೆ ತೂತನ್ನು ನಿಲ್ಲಿಸಿ. ಹೋರಿಯನ್ನಾಗಲಿ ಗುಡಿಯನ್ನಾಗಲಿ ಹಿಡಿದು ನಿಲ್ಲಿಸಬೇಡಿ. ಸುರುಳಿ ಮಗುಚಿದ ಜಾಗದ ಬಿಳಿಚನ್ನು ಹಾಗೇ ಬಿಡಿ. ಅದಾದ ಮೇಲೆ ಬಿಳಿ ಹೋರಿ ಬರುವಲ್ಲಿ ಚಿತ್ರ ಎಡಕ್ಕೆ ಜೋಲಿ ಹೊಡೆಯುತ್ತದೆ, ಅದು ದೋಷವಲ್ಲ.